ನಾಲ್ಕನೆಯ ಬೋಲ್ಟು

ಬಸವನ ಬಾಗೇವಾಡಿ,
ಶನಿವಾರ, ಶಾಲೆ ಬಿಟ್ಟ ಮೇಲೆ

ಪ್ರೀತಿಯ ಅಶ್ಫಾಕ ಅಣ್ಣನಿಗೆ, ಹೇಳಿದ ಮಾತು ಒಂದನ್ನೂ ಕೇಳದ ತಂಗಿ ನಿಷತಳ ಸಲಾಂ.

ಪತ್ರ ನೋಡಿ ಗಾಬರಿಯಾಗಬೇಡ. ನಮ್ಮ ಮನೆತನದಲ್ಲಿ ಯಾರಾದರೂ ಕಾಗದ ಬರೆದರೆಂದರೆ ಒಂದೋ ಯಾರದಾದರೂ ನಿಖಾ ಗೊತ್ತಾಗಿರಬೇಕು, ಇಲ್ಲವೇ ಯಾರೋ ಯಾರ ಜೊತೆಗೋ ಮಾತು ಬಿಟ್ಟಿರಬೇಕು. ಇದು ಎರಡೂ ಅಲ್ಲ. ಮನಗೂಳಿಯಲ್ಲಿ ಎಲ್ಲರೂ ಆರಾಮ ಇದ್ದೇವೆ. ನಮ್ಮ ಮನೆಯವರು ಬೀಜದ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ನನ್ನ ಮೇಲೆ ದೂರು ಹೇಳುತ್ತಿದ್ದಾರೆ. ಮಗಳು ಅಬಿದಾ ವಿಜಯಪುರದ ಹಾಸ್ಟೆಲಿನಿಂದ ದಿನಕ್ಕೆರಡು ಸಲ ಫೋನ್ ಮಾಡಿ ಹೆತ್ತವಳಿಗೇ ಬುದ್ಧಿ ಹೇಳುತ್ತಿದ್ದಾಳೆ. ಯಾಕೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಮನಗೂಳಿಯಿಂದ ಆಲಮಟ್ಟಿಗೆ ಬಸ್ಸು ಹತ್ತಿದರೆ ಒಂದೂವರೆ ತಾಸು. ಫೋನಂತೂ ಕೈಯಲ್ಲೇ ಇರುತ್ತದೆ. ಆದರೂ ಪತ್ರ ಯಾಕೆ ಎಂದು ನೀನು ಕೇಳುತ್ತೀ. ಪ್ರತಿ ಈದಿಗೆ ನಾನೂ ನೀನೂ ಒಂದೇ ಚಾಪೆಯ ಮೇಲೆ ಕೂತು ಶೀರಕುರ್ಮಾ ಕುಡಿಯುತ್ತೇವೆ. ಪ್ರತಿ ಸಲವೂ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬರುತ್ತದೆ, ಪ್ರತಿ ಸಲವೂ ಅದನ್ನು ಶಾವಿಗೆಯ ಜೊತೆ ನುಂಗಿಬಿಡುತ್ತೇನೆ. ಹೀಗೆ ಇಪ್ಪತ್ತೇಳು ವರ್ಷ ನುಂಗಿದ್ದೇನೆ. ಆರುನೂರು ಮಕ್ಕಳನ್ನು ಒಂದು ಸೀಟಿಯಲ್ಲಿ ನಿಲ್ಲಿಸುವ ನನಗೆ ನಿನ್ನ ಎದುರು ಬಾಯಿ ಏಳುವುದಿಲ್ಲ. ಅದಕ್ಕೇ ಈ ಬಾಗೇವಾಡಿ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಚೆಂಡುಗಳ ಮಧ್ಯೆ ಕೂತು ಬರೆಯುತ್ತಿದ್ದೇನೆ. ಗುಲನಾಜ ವೈನಿ ಸೋಮವಾರ ಇಲ್ಲಿಯ ತವರಿಗೆ ಬರುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ. ಲಕೋಟೆಯ ಮೂಲೆಯಲ್ಲಿ ಏನೋ ಗಟ್ಟಿ ವಸ್ತು ನಿನ್ನ ಕೈಗೆ ಹತ್ತಿರಬೇಕು. ಅದನ್ನು ಈಗಲೇ ತೆಗೆಯಬೇಡ, ಪತ್ರ ಪೂರ್ತಿ ಓದು.

ಮೊದಲು ಸಂತೋಷದ ಸುದ್ದಿ. ಕೂತು ಓದು. ನಾನು ಮೋಟಾರ್‌ಸೈಕಲ್ ರೇಸಿಗೆ ಹೋಗುತ್ತಿದ್ದೇನೆ. ಡಾಂಬರು ರಸ್ತೆಯ ರೇಸಲ್ಲ, ಹೊಲ, ಹಳ್ಳ, ದಿಬ್ಬ, ಕಲ್ಲುಗಳ ಮೇಲಿನ ರೇಸು. ನಲವತ್ನಾಲ್ಕು ವರ್ಷದ ಪಿ.ಟಿ. ಟೀಚರು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುವವಳು, ಈ ವಯಸ್ಸಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಗುಡ್ಡ ಹತ್ತಲು ಹೊರಟಿದ್ದಾಳೆ. ನೀನು ಈಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಿರುತ್ತೀ ಎಂದು ನನಗೆ ಗೊತ್ತು. ಸರಿಯಾಗಿಯೇ ಓದಿದ್ದೀ.

ಇದೆಲ್ಲ ಶುರುವಾದದ್ದು ಕಳೆದ ಆಗಸ್ಟಿನಲ್ಲಿ. ತಾಲೂಕು ಮಟ್ಟದ ಗುಡ್ಡಗಾಡು ಓಟ ನಮ್ಮ ಶಾಲೆಯ ಪಾಲಿಗೆ ಬಂದಿತ್ತು. ಮಕ್ಕಳು ಓಡುವ ದಾರಿಯನ್ನು ಪಿ.ಟಿ. ಟೀಚರು ಮೊದಲೇ ನೋಡಿ, ಸುಣ್ಣದ ಗುರುತು ಹಾಕಿ ಬರಬೇಕು. ಹಿಂದಿನ ದಿನ ಮಳೆ ಹೊಡೆದು ಹೊಲದ ದಾರಿ ರಾಡಿಯಾಗಿತ್ತು, ಜೀಪಿನವನು ಬರುವುದಿಲ್ಲ ಎಂದ. ನಮ್ಮ ಹೆಡ್‌ಮಾಸ್ತರು ಭೀಮಶ್ಯಾ ಸರ್ ತಮ್ಮ ಗಾಡಿಯ ಕೀಲಿ ಹಿಡಿದು ನಿಂತು, "ಟೀಚರ್, ನಿಮಗ ಗಾಡಿ ಓಡಸಾಕ ಬರ್ತೈತೇನ್ರಿ?" ಎಂದರು. ಕೈ ಚಾಚಿ ಕೀಲಿ ತೆಗೆದುಕೊಂಡೆ. ಆಮೇಲೆ, "ಬರ್ತೈತ್ರಿ ಸರ್, ನಮ್ಮಣ್ಣ ಕಲಿಸ್ಯಾನ" ಎಂದೆ.

ಅಣ್ಣಾ, ಕಿಕ್ ಹೊಡೆದೆ. ಕ್ಲಚ್ ಬಿಡುವಾಗ ನೀನು ಹೇಳುತ್ತಿದ್ದ ಮಾತೇ ಕಿವಿಯಲ್ಲಿ ಬಂತು: "ಗಾಡಿ ಜೋಡಿ ಜಗಳಾಡಬ್ಯಾಡ, ಅದು ಎತ್ತಾಗ ಹೋಗ್ತೈತಿ ಸ್ವಲ್ಪ ನೋಡು, ಆಮ್ಯಾಲ ನೀ ಹೇಳು." ಎಂಟು ಕಿಲೋಮೀಟರಿನ ದಾರಿ. ಸೂರ್ಯಕಾಂತಿ ಹೊಲದ ಬದು, ಕರಿಮಣ್ಣಿನ ಜಾರು, ಮೊಣಕಾಲಿನ ತನಕ ನೀರಿದ್ದ ಒಂದು ಹಳ್ಳ. ಎರಡು ಸಲ ಬಿದ್ದೆ. ಎದ್ದಾಗ ಎರಡು ಸಲವೂ ನಗು ಬಂತು, ಒಬ್ಬಳೇ ಹೊಲದ ನಡುವೆ ನಿಂತು ಹುಚ್ಚಿಯ ಹಾಗೆ ನಕ್ಕೆ. ಕಿವಿಯ ತನಕ ಕೆಸರು ಮೆತ್ತಿಕೊಂಡು ಶಾಲೆಗೆ ವಾಪಸು ಬಂದಾಗ ಭೀಮಶ್ಯಾ ಸರ್ ನನ್ನನ್ನು ನೋಡಲೇ ಇಲ್ಲ, ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಸುಣ್ಣ ಎಲ್ಲಿ ಹಾಕಿದ್ರಿ?" ಎಂದು ಕೇಳಿದರು. ಸುಣ್ಣದ ಚೀಲವನ್ನು ಶಾಲೆಯಲ್ಲೇ ಮರೆತು ಹೋಗಿದ್ದೆ. ಮತ್ತೊಮ್ಮೆ ಹೋಗಬೇಕಾಯಿತು, ಖುಷಿಯಿಂದ ಹೋದೆ.

ಅದಾದ ಮೇಲೆ ಮನಸ್ಸು ನಿಲ್ಲಲಿಲ್ಲ. ಇಂಡಿಯಲ್ಲಿ ಜೈನುದ್ದೀನ ಎಂಬವನದೊಂದು ಗ್ಯಾರೇಜಿದೆ. ತಾನೂ ಮಣ್ಣಿನ ರೇಸು ಓಡಿಸುವವನು, ಅಂಥವರ ಒಂದು ಗುಂಪನ್ನೇ ಕಟ್ಟಿದ್ದಾನೆ. ಅವನ ಹತ್ತಿರ ಒಂದು ಹಳೆಯ ಗಾಡಿ ಸಿಕ್ಕಿತು. ಎತ್ತರದ ಗಾಡಿ, ಹಗುರ, ಅಗಲ ಹ್ಯಾಂಡಲ್ಲು, ಹಲ್ಲುಹಲ್ಲಿನ ಟೈರು. ನಮ್ಮ ಮನೆಯವರು ಅದನ್ನು ನೋಡಿ, "ಇದಕ್ಕ ಹಿಂದಿನ ಸೀಟಽ ಇಲ್ಲಲ್ಲ, ನಾ ಎಲ್ಲಿ ಕೂಡ್ರಲಿ?" ಎಂದರು. "ನೀವು ಮನ್ಯಾಗ ಕೂಡ್ರಿ" ಎಂದೆ. ಅವತ್ತಿನಿಂದ ಅಂಗಡಿಗೆ ಬಂದವರ ಮುಂದೆ ಅವರ ದೂರು ಶುರುವಾಗಿದೆ. ಆದರೆ ದಿನಾ ಮುಂಜಾನೆ ಗಾಡಿಯ ಧೂಳು ಒರೆಸುವವರು ಅವರೇ, ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಗಾಡಿ ಬಂತು. ನಾಲ್ಕು ತಿಂಗಳು ಡೋಣಿ ಹೊಳೆಯ ದಂಡೆಯಲ್ಲಿ ತಿರುಗಿದೆ. ಮೈ ಹಳೆಯ ಪಾಠವನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡಿತು. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು, ಒಂದು ರೇಸು ಓಡಬೇಕು ಎಂದು. ಯಾವ ರೇಸು? ಇಲ್ಲಿಂದ ನನ್ನ ಪಜೀತಿ ಶುರುವಾಯಿತು ನೋಡು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಸಣ್ಣದಕ್ಕೆ ಕೈ ಹಾಕುವವಳೇ ಅಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ರಾಜಸ್ಥಾನದ ಕಡೆಯ ಮರಳಿನ ರೇಸೊಂದನ್ನು ತೆಗೆದೆ. ಮೂರು ದಿನ, ನಾಲ್ಕುನೂರು ಕಿಲೋಮೀಟರು, ದಿಕ್ಕು ನೋಡಿಕೊಂಡು ಒಬ್ಬರೇ ಓಡಿಸಬೇಕು. ಫೋಟೋದಲ್ಲಿ ಮರಳು ಎಷ್ಟು ಚೆಂದ ಹಾರುತ್ತಿತ್ತೆಂದರೆ ಅರ್ಧ ಅರ್ಜಿ ತುಂಬಿಯೇ ಬಿಟ್ಟಿದ್ದೆ. ಆಮೇಲೆ ತಾರೀಖು ನೋಡಿದರೆ ರಂಜಾನಿನ ನಡು ಉಪವಾಸದಲ್ಲಿ ಬರುತ್ತದೆ. ನಮ್ಮ ಮನೆಯವರು ದೊಡ್ಡದೊಂದು ಉಸಿರು ಬಿಟ್ಟು, "ಅಲ್ಲಾಹ ದೊಡ್ಡಾಂವ" ಎಂದರು. ನಿಜ ಹೇಳುತ್ತೇನೆ, ನಿನ್ನ ಹತ್ತಿರ ಏನು ಮುಚ್ಚುಮರೆ, ತಾರೀಖು ನೋಡಿ ನನಗೂ ಒಳಗೊಳಗೇ ಜೀವ ಹಗುರಾಯಿತು. ಆಗಸ್ಟಿನಲ್ಲಿ ಹೊಲದ ದಾರಿಯಲ್ಲೇ ಎರಡು ಸಲ ಬಿದ್ದವಳು ಮರುಭೂಮಿಗೆ ಹೋಗಿ ಏನು ಮಾಡುತ್ತಿದ್ದೆ, ಒಂಟೆ ಎಣಿಸಿಕೊಂಡು ಬರುತ್ತಿದ್ದೆ.

ಎರಡನೆಯದು ಹಾರುವ ರೇಸು. ಒಂದು ಮೈದಾನದಲ್ಲೇ ಮಣ್ಣಿನ ಗುಡ್ಡೆಗಳನ್ನು ಮಾಡಿ, ಅವುಗಳ ಮೇಲಿಂದ ಗಾಡಿ ಹಾರಿಸುತ್ತಾ ಸುತ್ತು ಹೊಡೆಯುವುದು. ಅದನ್ನು ನೋಡಲೆಂದೇ ನಾನೂ ನಮ್ಮ ಮನೆಯವರೂ ಒಂದು ರವಿವಾರ ಕೊಲ್ಹಾಪುರದ ಕಡೆ ಹೋಗಿದ್ದೆವು. ಹದಿನೇಳು ಹದಿನೆಂಟರ ಹುಡುಗರು ಮನೆಯ ಮಾಳಿಗೆಯಷ್ಟು ಎತ್ತರಕ್ಕೆ ಹಾರುತ್ತಿದ್ದರು. ನಮ್ಮ ಮನೆಯವರು ಒಬ್ಬೊಬ್ಬ ಹಾರಿದಾಗಲೂ ಕಣ್ಣು ಮುಚ್ಚಿಕೊಂಡು, "ಬಿದ್ನೇನು?" ಎಂದು ಕೇಳುವರು. ನಾನು, "ಇಲ್ರಿ, ಇಳದಾನ" ಎನ್ನುವೆ. ಅವರು ಕಣ್ಣು ತೆರೆದು ಒಂದು ಶೇಂಗಾ ಬಾಯಿಗೆ ಹಾಕಿಕೊಳ್ಳುವರು. ಮಧ್ಯಾಹ್ನದ ಹೊತ್ತಿಗೆ ಒಂದು ಪೊಟ್ಟಣ ಶೇಂಗಾ ಖಾಲಿಯಾಯಿತು, ನನ್ನ ಹಾರುವ ಆಸೆಯೂ ಖಾಲಿಯಾಯಿತು. ಆ ಹುಡುಗರ ಮೊಣಕಾಲು ಬೇರೆ, ನನ್ನ ಮೊಣಕಾಲು ಬೇರೆ.

ಮುಖ ಸಣ್ಣದು ಮಾಡಿಕೊಂಡು ಜೈನುದ್ದೀನನ ಗ್ಯಾರೇಜಿಗೆ ಹೋದೆ. ಅವನು ಚೈನಿಗೆ ಎಣ್ಣೆ ಬಿಡುತ್ತಾ, ತಲೆ ಎತ್ತದೆಯೇ, "ಟೀಚರ್, ಮೊದಲನೇ ರೇಸು ಗೆಲ್ಲಾಕ ಇರೂದಿಲ್ರಿ, ಮುಗಸಾಕ ಇರ್ತೈತಿ. ಭಾಳ ದಿವಸ ಬಿಟ್ಟು ಬಂದವರಿಗಂತೂ ಇನ್ನಾ ಖರೆ. ಸೋಮವಾರ ಮುಂಜಾನಿ ನಿಮ್ಮ ಕಾಲ ಮ್ಯಾಲ ನಿಂತು ಸೀಟಿ ಊದಬೇಕು, ಅಂಥಾ ರೇಸ್ ಆರಸ್ರಿ" ಎಂದ. ಆಮೇಲೆ ಕೈ ಒರೆಸಿಕೊಂಡು ಒಂದು ಹಾಳೆ ಕೊಟ್ಟ. ಅವನದೇ ಗುಂಪಿನವರು ಈ ವರ್ಷ ಇಂಡಿ ಮತ್ತು ಸಿಂದಗಿಯ ನಡುವೆ ಒಂದು ರೇಸು ಇಟ್ಟಿದ್ದಾರೆ. ಈದ್ ಮುಗಿದ ಮುಂದಿನ ವಾರ, ರವಿವಾರ ಮುಂಜಾನೆ ಆರೂವರೆಗೆ, ಬಿಸಿಲೇರುವ ಮೊದಲು. ಹದಿನಾಲ್ಕು ಕಿಲೋಮೀಟರಿನ ಸುತ್ತು, ಎರಡು ಸುತ್ತು, ಮೂರು ತಾಸು ಅವಕಾಶ. ಬಹಳ ವರ್ಷ ಗಾಡಿ ಬಿಟ್ಟು ಮತ್ತೆ ಹಿಡಿದವರಿಗೆ ಬೇರೆಯದೇ ವಿಭಾಗ. ಹಿಂದಿನ ದಿನಗಳಲ್ಲಿ ದಾರಿಯನ್ನು ನಡೆದು ನೋಡಲೂ ಬಿಡುತ್ತಾರೆ. ನಮ್ಮದೇ ಮಣ್ಣು, ನಮ್ಮದೇ ಬಿಸಿಲು, ಮಧ್ಯಾಹ್ನದ ಊಟಕ್ಕೆ ಮನೆ. ಹಾಳೆ ಓದುತ್ತಾ ಓದುತ್ತಾ ನನಗೆ ನಗು ತಡೆಯಲಾಗಲಿಲ್ಲ. ರಾಜಸ್ಥಾನ, ಕೊಲ್ಹಾಪುರ ಎಂದು ತಿರುಗಿದವಳಿಗೆ ಬೇಕಾದದ್ದು ಲಿಂಬಿ ತೋಟದ ಬಗಲಲ್ಲೇ ಇತ್ತು.

ಹೋದ ರವಿವಾರ ಆ ದಾರಿಯನ್ನು ಪೂರ್ತಿ ನಡೆದು ಬಂದೆ. ನಮ್ಮ ಮನೆಯವರು ನೀರಿನ ಬಾಟಲಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹಿಂದೆ ಹಿಂದೆ ಬಂದರು. ಮೊದಲು ಲಿಂಬಿ ತೋಟದ ಬೇಲಿಯ ಗುಂಟ ಮೂರು ಕಿಲೋಮೀಟರು, ಅಲ್ಲಿ ಮುಳ್ಳು ಬಿಟ್ಟರೆ ಹೆದರಿಕೆಯಿಲ್ಲ. ಆಮೇಲೆ ಜೋಳದ ಹೊಲ. ಈಗ ತೆನೆ ನಿಂತಿದೆ, ರೇಸಿನ ಹೊತ್ತಿಗೆ ಕೊಯ್ಲಾಗಿ ಬರೀ ಮೋಟು ಕೂಳೆ ಉಳಿದಿರುತ್ತದೆ, ನೆಲ ಬಾಯಿಬಿಟ್ಟಿರುತ್ತದೆ. ಎರೆ ಭೂಮಿಯ ಬಿರುಕಿನ ಗುಂಟ ಗಾಡಿ ಓಡಿಸಿದರೆ ಮುಂದಿನ ಗಾಲಿ ಅದರೊಳಗೇ ಇಳಿದುಬಿಡುತ್ತದೆ, ಯಾವಾಗಲೂ ಅಡ್ಡ ದಾಟಬೇಕು ಎಂದು ಕಲಿಸಿದವನು ನೀನು. ಒಂದೊಂದು ಬಿರುಕನ್ನೂ ನೋಡಿ ಎಲ್ಲಿ ದಾಟಬೇಕೆಂದು ವಹಿಯಲ್ಲಿ ಬರೆದುಕೊಂಡೆ. ಅದಾದ ಮೇಲೆ ಕಲ್ಲಿನ ದಿಬ್ಬ. ದಿಬ್ಬ ಹತ್ತಿ ಆ ಕಡೆ ನೋಡಿದೆ, ಹಳ್ಳಕ್ಕೆ ಇಳಿಯುವ ಇಳಿಜಾರು ಕಂಡಿತು. ಎಡಕ್ಕೆ ಒಂದು ಬನ್ನಿ ಗಿಡ, ಬಲಕ್ಕೆ ಕೊರೆದ ದಂಡೆ, ಕೆಳಗೆ ಉಸುಕು. ಅಣ್ಣಾ, ನಮ್ಮ ಡೋಣಿಯ ಇಳಿಜಾರನ್ನೇ ಯಾರೋ ಎತ್ತಿಕೊಂಡು ಬಂದು ಇಲ್ಲಿ ಇಟ್ಟ ಹಾಗಿತ್ತು. ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಯವರು, "ಬಿಸಲ ಹತ್ತಿತೇನು?" ಎಂದರು. ನಾನು ಕಲ್ಲಿನ ಮೇಲೆ ಕೂತು ಅತ್ತೆ. ಅವರಿಗೂ ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಅಲ್ಲಿ ಕೂತು ಹೇಳಿದೆ. ಅವರು ಎಲ್ಲ ಕೇಳಿ, ರೊಟ್ಟಿಯ ಗಂಟು ಬಿಚ್ಚಿ, "ಇದನ್ನ ನನಗ ಯಾಕ ಹೇಳ್ತಿ? ಹೇಳಬೇಕಾದಾಂವ ಆಲಮಟ್ಟ್ಯಾಗ ಅದಾನಲ್ಲ" ಎಂದರು.

ಅದನ್ನೇ ಈಗ ನಿನಗೆ ಬರೆಯುತ್ತಿದ್ದೇನೆ.

ನನಗೆ ಆಗ ಹದಿನೇಳು, ನಿನಗೆ ಇಪ್ಪತ್ಮೂರು. ಜೂನಿನಲ್ಲಿ ಮಿರಗದ ಮಳೆ ಬಿದ್ದಿತೆಂದರೆ ನೀನು ಗಾಡಿಯ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಅಟ್ಟದ ಮೇಲೆ ಇಡುತ್ತಿದ್ದೆ, ನಮ್ಮ ಎರೆ ಸೀಮೆಯವರೆಲ್ಲ ಮಾಡುವ ಹಾಗೆ. ಇಲ್ಲದಿದ್ದರೆ ಜಿಗುಟು ಮಣ್ಣು ಗಾಲಿಗೂ ಅದಕ್ಕೂ ನಡುವೆ ಮೆತ್ತಿಕೊಂಡು ಗಾಡಿ ನಿಂತುಬಿಡುತ್ತದೆ. ಆ ವರ್ಷ ದೀಪಾವಳಿ ಮುಗಿದು ಆಕಾಶ ಬೋಳಾದ ಮೇಲೆ ಅದನ್ನು ಕೆಳಗಿಳಿಸಿ, ನಾಲ್ಕು ಬೋಲ್ಟು ಹಾಕಿ, ಹತ್ತು ನಂಬರಿನ ಪಾನಾದಿಂದ ಬಿಗಿದೆ. ನಾನು ಪಕ್ಕದಲ್ಲೇ ಕೂತು ಒಂದೊಂದೇ ಬೋಲ್ಟನ್ನು ನಿನ್ನ ಕೈಗೆ ಕೊಟ್ಟಿದ್ದೆ. ಆ ಚಳಿಗಾಲ ಮುದ್ದೇಬಿಹಾಳದ ಕಡೆಯ ಕಲ್ಲುಗುಡ್ಡದಲ್ಲಿ ನಿನ್ನ ಮೊದಲ ರೇಸು ಇತ್ತು. ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಮೂವತ್ತೊಂದು ಎಂದು ಬರೆದು ಒಣಗಲು ಇಟ್ಟಿದ್ದೆ. ಬಣ್ಣ ಹಸಿಯಿದ್ದಾಗ ನಾನು ಮುಟ್ಟಿ ಬೈಸಿಕೊಂಡಿದ್ದೆ.

ಆ ಗುರುವಾರ ಅಕಾಲದಲ್ಲಿ ಮಳೆ ಬಂತು. ಶುಕ್ರವಾರ ನೀನೂ ಅಬ್ಬಾನೂ ಜುಮ್ಮಾ ನಮಾಜಿಗೆ ಹೋದ ಹೊತ್ತು ನೋಡಿ ನಾನು ಗಾಡಿ ತೆಗೆದೆ. ನೀನು ಜೊತೆಗಿಲ್ಲದೆ ಕೆಸರಿನಲ್ಲಿ ಓಡಿಸಿ ನೋಡಬೇಕೆಂಬ ಆಸೆ, ಅಷ್ಟೇ. ಅಬ್ಬಾನ ಸೈಕಲ್ ಅಂಗಡಿಯಿಂದ ಪಾನಾ ತಂದು ಮಡ್‌ಗಾರ್ಡ್ ಬಿಚ್ಚಿಟ್ಟು ಡೋಣಿ ತನಕ ಹೋಗಿ ಬಂದೆ. ಗಾಡಿಯನ್ನು ಹಳ್ಳದಲ್ಲಿ ತೊಳೆದೆ. ಮನೆಗೆ ಬಂದು ಮಡ್‌ಗಾರ್ಡ್ ಮತ್ತೆ ಕೂರಿಸುತ್ತಿದ್ದೆ, ಮೂರು ಬೋಲ್ಟನ್ನು ಬರೀ ಬೆರಳಿನಿಂದ ತಿರುಗಿಸಿ ಹಾಕಿದ್ದೆ, ಓಣಿಯಲ್ಲಿ ಅಬ್ಬಾನ ಕೆಮ್ಮು ಕೇಳಿತು. ನಾಲ್ಕನೆಯದನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡು ಅಡಿಗೆಮನೆಗೆ ಓಡಿದೆ. ಆಮೇಲೆ ಹಾಕಿದರಾಯಿತು ಎಂದುಕೊಂಡೆ.

ಮರುದಿನ ನೀನು ಇಳಿಜಾರು ಇಳಿಯುವುದನ್ನು ಕಲಿಸಲು ಡೋಣಿ ದಂಡೆಗೆ ಕರೆದುಕೊಂಡು ಹೋದೆ. ನನಗೆ ನೆನಪಿತ್ತು ಅಣ್ಣಾ. ಮರೆತಿದ್ದೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಹೇಳಿದರೆ ಕಳ್ಳತನ ಹೊರಬೀಳುತ್ತದೆ, ಮತ್ತೆ ಗಾಡಿ ಸಿಗುವುದಿಲ್ಲ ಎಂದು ಸುಮ್ಮನಿದ್ದೆ. ಮೂರು ಇವೆಯಲ್ಲ, ಸಾಕು ಎಂದುಕೊಂಡೆ. ಅರ್ಧ ಇಳಿದಾಗ ಮಡ್‌ಗಾರ್ಡ್ ಕಳಚಿ ಗಾಲಿಗೆ ಕಚ್ಚಿಕೊಂಡಿತು. ನಾನು ಗಾಡಿಯ ಮುಂದಕ್ಕೆ ಹೋಗಿ ಬಿದ್ದೆ. ಹೆಗಲ ಎಲುಬು ಮುರಿದದ್ದು ಆ ಕ್ಷಣಕ್ಕೆ ನೋಯಲಿಲ್ಲ. ನೋವಾದದ್ದು ಆಮೇಲೆ. ದಂಡೆಯ ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದ ಅಬ್ಬಾ ಸೈಕಲ್ ಬಿಟ್ಟು ಓಡಿ ಬಂದು, ಗಾಡಿಯ ಮುಂದೆ ಕೂತು, ಬೋಲ್ಟಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೂರಕ್ಕೆ ಬೋಲ್ಟು ಕಿತ್ತು ಹೊಸದಾಗಿ ಗೀರಿದ ಗುರುತಿತ್ತು. ನಾಲ್ಕನೆಯದು ಖಾಲಿ, ಒಂದು ಗೀರೂ ಇರಲಿಲ್ಲ. "ಮೂರು ಬೋಲ್ಟಿನ ಮ್ಯಾಲ ಮನಿ ಹುಡುಗೀನ ಕೂಡ್ರಿಸಿದೇನೋ?" ಎಂದು ನಿನ್ನ ಕಪಾಳಕ್ಕೆ ಹೊಡೆದರು. ನೀನು, "ನಾಲ್ಕೂ ಬಿಗದೇನಿ ಅಬ್ಬಾ" ಎಂದೆ. ಅವರು ಮತ್ತೆ ಹೊಡೆದರು. ನೀನು ಆ ತೂತನ್ನು ನೋಡಿದೆ, ನನ್ನನ್ನು ನೋಡಿದೆ. ಆಮೇಲೆ ಸಣ್ಣ ದನಿಯಲ್ಲಿ, "ಬಿಗದೇನಿ ಅನಸ್ತೈತಿ" ಎಂದೆ.

ನಾನು ಅಲ್ಲೇ ಬಿದ್ದಿದ್ದೆ, ಓಢಣಿಯ ಗಂಟು ನನ್ನ ಮುಷ್ಟಿಯಲ್ಲಿತ್ತು. ಒಂದೇ ಒಂದು ಮಾತು ಸಾಕಿತ್ತು. ಬಾಯಿ ತೆರೆಯಲಿಲ್ಲ.

ಆಮೇಲಿನದು ನಿನಗೇ ಗೊತ್ತು. ಮುದ್ದೇಬಿಹಾಳಕ್ಕೆ ನೀನು ಹೋಗಲಿಲ್ಲ. ಗಾಡಿಯನ್ನು ಸಿಂದಗಿಯ ಯಾರಿಗೋ ಮಾರಿದೆ. ಮೂವತ್ತೊಂದು ನಂಬರಿನ ತಗಡು ಅವ್ವನ ನೀರಿನ ಹರವಿಗೆ ಮುಚ್ಚಳವಾಯಿತು. ಆಲಮಟ್ಟಿಯ ಪವರ್ ಹೌಸಿನಲ್ಲಿ ನೌಕರಿ ಹಿಡಿದ ಮೇಲೆ ನೀನು ಪ್ರತಿ ಬೋಲ್ಟನ್ನು ಎರಡು ಸಲ ಬಿಗಿದು ನೋಡುತ್ತೀಯಂತೆ, ನಿನ್ನ ಜೊತೆಯವರು ನಗುತ್ತಾರಂತೆ. ನಮ್ಮ ಮನೆಗೆ ಊಟಕ್ಕೆ ಬಂದರೆ ಖುರ್ಚಿಯನ್ನು ಅಲ್ಲಾಡಿಸಿ ನೋಡಿಯೇ ಕೂಡುತ್ತೀ. ಗ್ಯಾಸಿನ ಸಿಲಿಂಡರು ಮೂರು ಸಲ ನೋಡುತ್ತಾರೆ ಎಂದು ವೈನಿ ನಗೆ ಮಾಡುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತೇನೆ. ತನ್ನ ಕೈಯನ್ನು ತಾನೇ ನಂಬದ ಹಾಗೆ ನಿನ್ನನ್ನು ಮಾಡಿದವಳು ನಾನು. ಅಬ್ಬಾ ಹೋಗಿ ಒಂಬತ್ತು ವರ್ಷವಾಯಿತು, ಅವರಿಗೆ ಹೇಳುವ ಕಾಲ ನನಗೆ ಮುಗಿದುಹೋಯಿತು. ನಿನಗೆ ಹೇಳುವ ಕಾಲ ಇನ್ನೂ ಇದೆ. ಮಾಫ್ ಮಾಡು ಅಣ್ಣಾ. ಮಾಡಲಾಗದಿದ್ದರೆ ಬೈ, ನಿನ್ನ ಬೈಗುಳ ಕೇಳಿ ಬಹಳ ವರ್ಷವಾಯಿತು.

ಈಗ ಕಣ್ಣೀರು ಒರೆಸಿಕೊಂಡಿದ್ದೇನೆ. ಒರೆಸಲು ಸಿಕ್ಕಿದ್ದು ಕಬಡ್ಡಿ ತಂಡದ ಬನಿಯನ್, ಅದರ ವಾಸನೆಗೆ ಅಳುವೇ ನಿಂತುಹೋಯಿತು. ಇನ್ನು ನಿನ್ನ ಲೆಕ್ಕಕ್ಕೆ ಬರುತ್ತೇನೆ. ನೀನೇನು ಸಾಮಾನ್ಯನೆಂದು ತಿಳಿದಿದ್ದೀಯಾ? ನನ್ನ ಕಳ್ಳತನ ನಿನಗೆ ಇವತ್ತು ಗೊತ್ತಾಯಿತು, ನಿನ್ನದು ನನಗೆ ಬಕ್ರೀದಿನಿಂದ ಗೊತ್ತಿದೆ. ವೈನಿ ಪಾತ್ರೆ ತೊಳೆಯುತ್ತಾ ಹೇಳಿದರು: "ನಿಮ್ಮಣ್ಣ ಶುಕ್ರವಾರ ಮುಂಜಾನಿ ನಮಾಜ ಮುಗಿಸಿ, ಜೋಡಿ ಕೆಲಸ ಮಾಡೂ ಇಸಾಕನ ಗಾಡಿ ತಗೊಂಡು ಕೆನಾಲ್ ದಂಡಿಗುಂಟ ಹೋಗ್ತಾರ. ತೊಳದು ವಾಪಸ್ ಕೊಡ್ತಾರ. ಗಾಡಿ ತೊಳಿತಾರ, ಪಾಯಜಾಮಾ ತೊಳಿಯೂದು ಮರೀತಾರ. ನಾ ಕೇಳೂದಿಲ್ಲ, ಅವರು ಹೇಳೂದಿಲ್ಲ." ಅಲ್ಲ ಅಣ್ಣಾ, ಐವತ್ತು ವರ್ಷದ ಗಂಡಸು, ಗಡ್ಡ ಬೆಳ್ಳಗಾದವನು, ಕದ್ದು ಗಾಡಿ ಓಡಿಸಿ ತೊಳೆದು ತರುತ್ತೀಯಲ್ಲ. ನನ್ನ ವಿದ್ಯೆಯನ್ನು ನೀನು ಯಾವಾಗ ಕಲಿತೆ? ಅವತ್ತು ನಾನು ವೈನಿಯ ಕೈ ಹಿಡಿದುಕೊಂಡು ನಕ್ಕ ನಗುವಿಗೆ ನೀನು ಹೊರಗಿನಿಂದ, "ಏನಾತ ಒಳಗ?" ಎಂದು ಕೇಳಿದ್ದೆ. ಇದೇ ಆದದ್ದು.

ಹಾಗಾಗಿ ಜೈನುದ್ದೀನನ ಹಾಳೆಯಲ್ಲಿ ಒಂದು ಸಾಲು ಕಂಡಾಗ ಅದನ್ನೇ ಎರಡು ಸಲ ಓದಿದೆ. ಆ ರೇಸಿನಲ್ಲಿ ಜೋಡಿ ವಿಭಾಗ ಒಂದಿದೆ. ಗಾಡಿ ಒಂದು, ಓಡಿಸುವವರು ಇಬ್ಬರು, ಮೊದಲ ಸುತ್ತು ಒಬ್ಬರದು, ಎರಡನೆಯ ಸುತ್ತು ಇನ್ನೊಬ್ಬರದು. ಉಳಿದದ್ದೆಲ್ಲ ಹೇಳಿದ್ದು ಖರೆಯೇ, ಮೊಣಕಾಲು, ಉಪವಾಸ, ಮನೆಯ ಹತ್ತಿರ, ಎಲ್ಲವೂ ಖರೆ. ಆದರೆ ನಾನು ಈ ರೇಸನ್ನು ಆರಿಸಿದ್ದು ಆ ಒಂದು ಸಾಲಿಗಾಗಿ. ಅರ್ಜಿಯನ್ನು ಜೊತೆಗೆ ಇಟ್ಟಿದ್ದೇನೆ. ನನ್ನ ಹೆಸರು ಬರೆದು ಸಹಿ ಮಾಡಿದ್ದೇನೆ, ಕೆಳಗಿನ ಹೆಸರಿನ ಜಾಗ ಖಾಲಿ ಇದೆ. ನಂಬರು ಕೇಳಿ ಪಡೆದಿದ್ದೇನೆ, ಮೂವತ್ತೊಂದು. ಅವ್ವನ ಹರವಿಯ ಮುಚ್ಚಳವನ್ನೂ ತಂದಿದ್ದೇನೆ, ಅವ್ವನಿಗೆ ಬೇರೆ ಮುಚ್ಚಳ ಕೊಡಿಸಿದ್ದೇನೆ. ನನ್ನ ಬೆರಳಿನ ಗುರುತು ಆ ಬಣ್ಣದಲ್ಲಿ ಇನ್ನೂ ಇದೆ.

ಮೊದಲ ಸುತ್ತು ನನ್ನದು. ಆ ಇಳಿಜಾರನ್ನು ನಾನು ಇಳಿದು ಬರುತ್ತೇನೆ. ಎರಡನೆಯದು ನಿನ್ನದು, ಇಪ್ಪತ್ತೇಳು ವರ್ಷ ತಡವಾಗಿ. ಅರ್ಜಿ ಕೊಡಲು ಬರುವ ತಿಂಗಳ ಹತ್ತನೇ ತಾರೀಖು ಕಡೆಯ ದಿನ. ನೀನು ಬರದಿದ್ದರೆ ನಾನು ಒಂಟಿ ವಿಭಾಗದಲ್ಲಿ ಹೆಸರು ಕೊಟ್ಟು ಎರಡೂ ಸುತ್ತು ಓಡುತ್ತೇನೆ, ಕೋಪ ಮಾಡಿಕೊಳ್ಳುವುದಿಲ್ಲ. ಇಲ್ಲ, ಸುಳ್ಳು ಹೇಳುವುದನ್ನು ಇವತ್ತಿಗೆ ಬಿಟ್ಟಿದ್ದೇನೆ. ಕೋಪ ಮಾಡಿಕೊಳ್ಳುತ್ತೇನೆ, ಈದಿಗೆ ಬಂದಾಗ ನಿನಗೆ ಶೀರಕುರ್ಮಾ ಕೊಡುವುದಿಲ್ಲ.

ಈಗ ಲಕೋಟೆಯಲ್ಲಿದ್ದದ್ದನ್ನು ತೆಗೆ. ಗುರುತು ಸಿಕ್ಕಿತೇ? ಆಸ್ಪತ್ರೆಯಲ್ಲಿ ಓಢಣಿಯ ಗಂಟು ಬಿಚ್ಚಿದಾಗಿನಿಂದ ಅದು ನನ್ನ ಸೂಜಿದಾರದ ಡಬ್ಬಿಯಲ್ಲಿತ್ತು. ಮದುವೆಯಾಗಿ ಬರುವಾಗಲೂ ತಂದೆ. ಎಣ್ಣೆ ಹಚ್ಚಿ ಇಟ್ಟಿದ್ದೇನೆ, ತುಕ್ಕು ಹಿಡಿದಿಲ್ಲ. ನನ್ನ ಈಗಿನ ಗಾಡಿಯ ಮುಂದಿನ ಮಡ್‌ಗಾರ್ಡಿಗೂ ಇದೇ ಅಳತೆ, ಹಾಕಿ ನೋಡಿ ಮತ್ತೆ ತೆಗೆದಿದ್ದೇನೆ. ಮೂರು ಬೋಲ್ಟನ್ನು ಪಾನಾ ಹಚ್ಚಿ ಗಟ್ಟಿಯಾಗಿ ಬಿಗಿದಿದ್ದೇನೆ. ನಾಲ್ಕನೆಯ ತೂತು ಖಾಲಿ ಇದೆ, ನೀನು ಬಾರದೇ ಹೋದರೆ ಮಾತ್ರ ಅಲ್ಲಿ ಅಂಗಡಿಯ ಬೋಲ್ಟು ಹಾಕುತ್ತೇನೆ. ಅದು ತುಂಬುವ ತನಕ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯುವುದಿಲ್ಲ ಎಂದು ನಮ್ಮ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಈ ಮಾತನ್ನಾದರೂ ಉಳಿಸಿಕೊಳ್ಳುತ್ತೇನೆ. ಹತ್ತು ನಂಬರಿನ ಪಾನಾ ಇಲ್ಲಿದೆ, ಅದನ್ನು ಹೊತ್ತು ತರಬೇಡ. ನೀನು ಬಾ. ಬಂದು ಒಂದೇ ಸಲ ಬಿಗಿ, ಎರಡನೆಯ ಸಲ ತಿರುಗಿಸಿ ನೋಡಬೇಡ.

ವೈನಿಗೆ ನನ್ನ ಸಲಾಂ. ಅಲ್ಲಾಹ ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ, ಕೆನಾಲ್ ದಂಡೆ ನಿನಗೆ ಜಾರದಿರಲಿ, ಇನ್ನು ಮೇಲೆ ಪಾಯಜಾಮಾದ ಕೆಸರನ್ನು ಮುಚ್ಚಿಡುವ ಕಷ್ಟ ನಿನಗೆ ಬಾರದಿರಲಿ. ಅಬ್ಬಾನ ಮುಂದೆ ಅವತ್ತು ನಾನು ಹೇಳಬೇಕಾಗಿದ್ದ ಮಾತನ್ನು ಬರೆದು ಮುಗಿಸುತ್ತೇನೆ. ನಾನು ಪಕ್ಕದಲ್ಲೇ ಕೂತಿದ್ದೆ, ಒಂದೊಂದೇ ಕೊಟ್ಟಿದ್ದೆ, ಕಣ್ಣಾರೆ ನೋಡಿದ್ದೆ.

ನಾಲ್ಕೂ ಬಿಗಿದಿದ್ದೆ ಅಣ್ಣಾ, ನೀನು.

ಅಂಗಳದಲ್ಲಿ ನಿನ್ನ ದಾರಿ ನೋಡುತ್ತಿರುವ,
ನಿನ್ನ ತಂಗಿ
ನಿಷತ